ಎಲ್ಲಾ ಬಂದಾವು

"ಹಲೋ... ಹಲೋ, ಯಾರ್ರಿ ಮಾತಾಡಾದು? ಹಾಂ? ಜೋರಾಗಿ ಮಾತಾಡ್ರಿ, ಇಲ್ಲಿ ಹೊಲದಾಗ ಗಾಳಿ ಭಾಳ ಐತಿ."

...

"ಯಾವ ಶೈಲಜಾ? ನನಗ ಯಾವ ಶೈಲಜಾನೂ ಗೊತ್ತಿಲ್ಲರಿ... ಹಾಂ? ಅಂದಾನಪ್ಪಾರ ಮಗಳಾ? ಕಂಪ್ಲಿ ರೈಸ್ ಮಿಲ್ ಅಂದಾನಪ್ಪಾರು? ಅಯ್ ಯವ್ವಾ, ಹಂಗಂತ ಮೊದ್ಲೇ ಹೇಳಬಾರ್ದೇನ್ರಿ! ಉದ್ದನ್ನ ನಂಬರ್ ನೋಡಿ ಯಾರೋ ಬ್ಯಾಂಕಿನ ಹೆಸ್ರು ಹೇಳಿ ಮೋಸ ಮಾಡೋರು ಅಂದ್ಕಂಡೆ."

...

ಯಲ್ಲಕ್ಕ ಕೂತಿದ್ದದ್ದೂ ಅಂದಾನಪ್ಪನ ಹೊಲದಲ್ಲೇ. ಬೇಸಿಗೆ ಭತ್ತ ಕೊಯ್ದು ನಾಲ್ಕು ದಿನವಾಗಿತ್ತು. ಕೊಯ್ಲಾದ ಗದ್ದೆಯಲ್ಲಿ ಹತ್ತು ಹದಿನೈದು ದಿನ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗೆ ಕೂಳೆಯ ಮೇವಾಗುತ್ತದೆ. ಎಂಟು ವರ್ಷದಿಂದ ಅಂದಾನಪ್ಪ ಇವರ ಕುರಿ ಬಿಟ್ಟು ಬೇರೆಯವರ ಕುರಿಯನ್ನು ತನ್ನ ಹೊಲಕ್ಕೆ ಬಿಟ್ಟುಕೊಂಡವನಲ್ಲ. ಗಂಡ ಮೂಕಣ್ಣ ಕುರಿ ಹೊಡೆದುಕೊಂಡು ಕಾಲುವೆ ಕಡೆ ಹೋಗಿದ್ದ. ಇವಳು ಎಳೆಯ ಮರಿಗಳನ್ನು ಬಿದಿರು ಬುಟ್ಟಿಯ ಕೆಳಗೆ ಕವಚಿ ಹಾಕಿ, ಹಟ್ಟಿಗೆ ಸುತ್ತುವ ಬಲೆಯ ಹರಿದ ಕಡೆ ಗಂಟು ಹಾಕುತ್ತಿದ್ದಳು. ಹೊತ್ತು ಇಳಿಯುವುದಕ್ಕೆ ಇನ್ನೂ ಸ್ವಲ್ಪ ಇತ್ತು.

...

"ನಾವು ಅರಾಮ ಅದೀವ್ರಿ. ನೀವು ಜರ್ಮನಿಯಾಗ ಅದೀರಿ ಅಂತ ನಿಮ್ಮಪ್ಪಾರು ಹೇಳ್ತಿರ್ತಾರ. ಅಲ್ಲಿ ರಜಾ ದಿನ ಬಂತಂದ್ರ ನಾಯಿ ಬೆಕ್ಕಿನ ಸೇವಾ ಮಾಡ್ತೀರಂತ, ಸಂಬಳ ಇಲ್ದಂಗ. ಗಾಯ ಆದವ್ಕ ಔಷಧ ಹಚ್ಚತೀರಂತ. ಪುಣ್ಯದ ಕೆಲ್ಸ ಬಿಡ್ರಿ, ಯಾರ್ ಮಾಡ್ತಾರ ಈಗಿನ ಕಾಲದಾಗ?"

...

"ನಮ್ದಾ? ನಮ್ಮ ಯಾವ ನಾಯಿ?... ಕೆಂಚನಾ? ಯವ್ವಾ, ಅದು ಈಗೆಲ್ಲಿ ಐತ್ರಿ. ಎಳ್ಳ ಅಮಾಸಿ ಮುಂದ ಹೋತು. ಕಮಲಾಪುರದ ಕೆರಿಗೆ ಕುರಿಗೆ ನೀರು ಕುಡ್ಸಾಕ ಇಳ್ದಿದ್ವಿ. ಹೊಳ್ಳಿ ನೋಡಾದ್ರಾಗ ಇಲ್ಲ. ಎರಡು ದಿನ ಹಂಪಿ ಕಲ್ಲೆಲ್ಲಾ ಹತ್ತಿ ಇಳಿದು ಒದರಿದ್ವಿ. ಚಿರತಿ ಒಯ್ದೈತಿ ಅಂತ ಮಂದಿ ಅಂದ್ರು. ಸುಮ್ನಾದ್ವಿ. ಯಾಕ ಕೇಳ್ತೀರಿ?"

...

"ಹಾಂ?... ಇನ್ನೊಮ್ಮಿ ಹೇಳ್ರಿ."

...

"ಇನ್ನೊಮ್ಮಿ."

...

ಯಲ್ಲಕ್ಕನ ಕೈಯಿಂದ ಬಲೆ ಜಾರಿತು. ಅವಳು ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದಳು. ನಾಲ್ಕು ತಿಂಗಳಲ್ಲಿ ಅವಳ ಮುಖದ ಮೇಲೆ ಅಂಥ ನಗು ಬಂದಿರಲಿಲ್ಲ.

"ಜೀವಂತ ಐತಾ? ನಮ್ಮ ಕೆಂಚ ಜೀವಂತ ಐತಾ! ನಿಮ್ಮ ಬಾಯಾಗ ಸಕ್ರಿ ಬೀಳ್ಲಿ. ಯಾರಿಗೆ ಸಿಕ್ತು? ನಿಮಗ ಯಾರು ಹೇಳಿದ್ರು? ಈಗೆಲ್ಲೈತಿ, ಹೊಸಪ್ಯಾಟ್ಯಾಗಾ? ಈಗ್ಲೇ ಬಸ್ ಹತ್ತತೀನಿ, ನಮ್ಮೋರು ಬರೋತನ ಕಾಯಂಗಿಲ್ಲ..."

...

"ಎಲ್ಲಿ?"

...

"ನಿಮ್ಮ ಕಡಿನಾ? ನಿಮ್ಮ ಕಡಿ ಅಂದ್ರ... ಜರ್ಮನಿಯಾಗಾ?"

...

"ಚಾಷ್ಟಿ ಮಾಡಬ್ಯಾಡ್ರಿ ಯವ್ವಾ. ಕೆಂಚ ವಿಮಾನ ಹತ್ತಿದ್ನಾ? ನಾನೇ ಇನ್ನೂ ಹುಬ್ಬಳ್ಳಿ ನೋಡಿಲ್ಲ."

...

ಆ ಕಡೆಯಿಂದ ನಗು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಯಲ್ಲಕ್ಕ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದಳು. ದೊಡ್ಡ ಸುದ್ದಿ ಕೇಳುವಾಗ ಅವಳದು ಎಡಗಿವಿ.

"ಹೇಳ್ರಿ. ಮೊದ್ಲಿಂದ ಹೇಳ್ರಿ. ನಾನು ಕೇಳ್ತೀನಿ."

...

"ಹೂಂ... ಮದುವಿಗೆ ಬಂದಿದ್ರಿ... ಹೂಂ... ಹಂಪಿಗೆ ಹೊಂಟಿದ್ರಿ, ಕಾರಿನಾಗ... ಕೊರಳಾಗ ಕಟ್ಟಿಗಿನಾ? ಹೌದ್ರಿ, ಇತ್ತು. ನಾನೇ ಕಟ್ಟಿದ್ದು. ಯಾಕಂದ್ರ? ಯಾಕಂದ್ರ ಅದಕ್ಕ ಮೊಲ ಕಂಡ್ರ ತಲಿ ಕೆಡತೈತಿ. ಬಾಳಿ ತ್ವಾಟಕ್ಕ ನುಗ್ಗತೈತಿ, ರೋಡಿಗೆ ನುಗ್ಗತೈತಿ. ಹಂಪಿಗೆ ಹೋಗೋ ಕಾರು ಏನ್ ನಿಲ್ಲತಾವೇನು? ಮುಂಗಾಲಿಗೆ ಬಡಿಯಂಗ ಒಂದು ಕಟ್ಟಿಗಿ ತುಂಡು ಇಳಿಬಿಟ್ರ ಜೋರು ಓಡಾಕ ಆಗಲ್ಲ. ಸಂಜಿಕ ಬಿಚ್ಚತೀವಿ. ಎಲ್ಲಾ ಕುರುಬರೂ ಕಟ್ಟತಾರ."

...

"ಕಿವಿ ಕೊಯ್ದಿದ್ದೂ ನಾವೇ. ಮರಿ ಇದ್ದಾಗ ನಮ್ಮೋರು ಕೊಯ್ದಿದ್ದು. ಹೌದು, ಅತ್ತಿತ್ತು. ಅರಿಶಿಣ ಹಚ್ಚಿ ನನ್ನ ಕಂಬಳ್ಯಾಗ ಮಲಗಿಸ್ಕಂಡೆ. ತ್ವಾಳ ಮೈಮ್ಯಾಲ ಬಂದ್ರ ಮೊದ್ಲು ಕಿವಿ ಹಿಡೀತೈತ್ರಿ. ಹಿಡಿಯಾಕ ಕಿವಿನೇ ಇಲ್ಲಂದ್ರ ನಾಯಿ ಉಳಿತೈತಿ. ಅದು ನಿಮ್ಗ ಹಿಂಸಾ ಕಂಡಿತಾ?"

...

"ಕೇಳಬಹುದಿತ್ತಲ್ಲ ಯವ್ವಾ. ಕೆರಿ ಏರಿ ಹಿಂದ ಇದ್ವಿ. ಕಾರಿಂದ ಇಳಿದು, ಯಾರದ್ರಿ ಈ ನಾಯಿ ಅಂತ ಒಂದು ಮಾತು ಒದರಿದ್ರ ಓಡಿ ಬರ್ತಿದ್ದೆ. ಫೋಟೋ ತಗಳ್ಳಾಕ ಇಳ್ದಿದ್ರಿ ಅಂತೀರಿ, ಮತ್ತ ಬಾಯಿ ತಗಿಯಾಕ ಏನಾಗಿತ್ತು?"

...

ಕಟ್ಟಿಗೆಯ ಆ ತುಂಡು ಈಗಲೂ ಯಲ್ಲಕ್ಕನ ಗಂಟಿನಲ್ಲಿತ್ತು. ಕೆರೆಯ ದಂಡೆಯಲ್ಲಿ ಹಗ್ಗ ಕತ್ತರಿಸಿ ಬಿಸಾಕಿದ್ದು ಸಿಕ್ಕಿತ್ತು. ಚಿರತೆ ಹಗ್ಗ ಕತ್ತರಿಸುವುದಿಲ್ಲ ಎಂದು ಮೂಕಣ್ಣ ಅಂದಿದ್ದ. ಹರಿದಿರಬೇಕು ಬಿಡು ಎಂದು ಇವಳೇ ಅವನ ಬಾಯಿ ಮುಚ್ಚಿಸಿದ್ದಳು. ಅವತ್ತು ತಾನು ಅದನ್ನು ಕಟ್ಟದೇ ಇದ್ದಿದ್ದರೆ ಕೆಂಚ ಯಾರ ಕೈಗೂ ಸಿಗುತ್ತಿರಲಿಲ್ಲ.

"ಹಿಡಿದೋರು ಯಾರು? ನೀವಾ?"

...

"ತಿಪ್ಪೇಶನಾ? ಬೀದಿ ನಾಯಿ ಹಿಡ್ಕಂಡು ಬಲಿ ಇರೋ ಗಾಡ್ಯಾಗ ತಿರುಗತಾನಲ್ಲ, ಗಡ್ಡದಾಂವ? ಟಿ.ಬಿ. ಡ್ಯಾಮ್ ಕಡಿ ಕಾಲುವಿ ದಂಡ್ಯಾಗ ಶೆಡ್ ಹಾಕ್ಯಾನಲ್ಲ, ಅವನಾ?... ಅವನ ಶೆಡ್ಡಿನಾಗ ಇತ್ತಾ? ಎಷ್ಟು ದಿನ?"

...

"ನಾಕು ತಿಂಗಳಾ!"

...

"ಯವ್ವಾ, ಸ್ವಲ್ಪ ತಡೀರಿ. ಆ ಶೆಡ್ಡಿಗೆ ನಮ್ಮೋರು ಹೋಗಿದ್ರು ಗೊತ್ತೇನ್ರಿ? ಎರಡು ಸಲ ಹೋಗಿದ್ರು. ಗೇಟಿನ ಹೊರಗೇ ನಿಲ್ಲಿಸಿದ. ಕೆಂಪು ನಾಯಿ ಯಾವ್ದೂ ಬಂದಿಲ್ಲ ಅಂದ. ಒಳಗಿಂದ ಒಂದು ನಾಯಿ ಒದರಾಕ ಹತ್ತಿತಂತ, ಗೇಟ್ ಹರಿಯೋ ಹಂಗ. ಅದು ನಮ್ಮ ಕೆಂಚಂದೇ ಧ್ವನಿ, ಅಂತ ಬಂದು ನನ್ನ ಮುಂದ ಅತ್ತರು. ನಾನು ಬೈದೆ. ನಿನಗ ಎಲ್ಲಾ ನಾಯಿನೂ ಕೆಂಚನೇ, ಕುರಿ ಕಾಯಿ ನಡಿ ಅಂತ ಬೈದೆ."

...

"ಸುಳ್ಳು ಯಾಕ ಹೇಳಿದ ಅಂತೀನಿ. ಅವನಿಗೇನು ಬಂದಿತ್ತು?"

...

"ನೀವಾ? ನೀವೇ ಹೇಳಿದ್ರಾ, ಯಾರು ಕೇಳಿದ್ರೂ ಕೊಡಬ್ಯಾಡ ಅಂತ?... ಹಾಂ... ಮತ್ತ ಒಯ್ದು ಹಿಂಸಾ ಕೊಡತಾರ ಅಂತ... ಹಾಂ... ಜರ್ಮನಿಯಾಗ ಕುಂತು ಫೋನಿನಾಗ ಹೇಳಿದ್ರಿ. ಆತ್ರಿ. ಭಾಳ ಚಲೋ ಆತು."

...

ಯಲ್ಲಕ್ಕನಿಗೆ ಜೋರಾಗಿ ಕೂಗಬೇಕು ಅನ್ನಿಸಿತು. ಆದರೆ ಕೂಗಬೇಕಾದದ್ದು ಅಂದಾನಪ್ಪನ ಮಗಳ ಮೇಲೆ, ಕೂತದ್ದು ಅಂದಾನಪ್ಪನ ಹೊಲದಲ್ಲಿ. ಅವಳು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಸಿಟ್ಟನ್ನು ನುಂಗಿದಳು. ಇದು ಅವಳಿಗೆ ಹೊಸದಲ್ಲ. ನುಂಗಿದ್ದೆಲ್ಲ ಜೀರ್ಣವಾಗುತ್ತದೆ ಅಂತಲೂ ಅಲ್ಲ.

"ನಮ್ಮ ನಾಯಿ ಅಂತ ಈಗ ಹೆಂಗ ಗೊತ್ತಾತು ನಿಮಗ?"

...

"ನಿಮ್ಮಪ್ಪಾರಿಗೆ ಫೋಟೋ ಕಳ್ಸಿದ್ರಾ? ಅವರು ನೋಡಿ ಹೇಳಿದ್ರಾ? ಹೇಳದೇ ಏನು, ಎಂಟು ವರ್ಷದಿಂದ ನೋಡ್ಯಾರ. ನಿಮ್ಮ ಹೊಲದಾಗ, ಇದೇ ಹೊಲದಾಗ, ಕುರಿ ಕಾದಿದ್ದು ಕೆಂಚನೇ ಅಲ್ಲೇನ್ರಿ. ನೀವು ಸೋನಾಮಸೂರಿ ಮೂಟಿ ಕಟ್ಟಿಸ್ಕಂಡು ಜರ್ಮನಿಗೆ ಒಯ್ತೀರಿ ಅಂತ ನಿಮ್ಮಪ್ಪಾರು ಹೇಳಿದ್ರು. ಅದಕ್ಕ ಬಿದ್ದ ಗೊಬ್ಬರ ಕಾದೋನು ಅಂವ. ಇರ್ಲಿ ಬಿಡ್ರಿ. ಈಗ ಫೋನ್ ಯಾಕ ಮಾಡಿದ್ರಿ? ಕ್ಷಮಾ ಕೇಳಾಕಾ?"

...

"ಉಣ್ಣವಲ್ದಾ?"

...

"ಎಷ್ಟು ದಿನಾತು?... ಒಂಬತ್ತು ದಿನಾ?"

...

ಇಷ್ಟೊತ್ತು ಇದ್ದ ಯಲ್ಲಕ್ಕ ಬೇರೆ, ಈಗ ಮಾತಾಡಿದವಳು ಬೇರೆ. ಸಿಟ್ಟು ಎಲ್ಲಿ ಹೋಯಿತೋ, ದನಿ ಒಮ್ಮೆಲೇ ಇಳಿಯಿತು.

"ನೀರರ ಕುಡಿತೈತಾ?... ಗ್ಲೂಕೋಸ್ ಏರ್ಸೀರಾ? ಕಣ್ಣು ಹೆಂಗದಾವು? ಒಸಡಿ ನೋಡ್ರಿ, ಬೆಳ್ಳಗಾಗೈತಾ?... ಏನ್ ಹಾಕಿದ್ರಿ ಉಣ್ಣಾಕ? ಕೋಳಿ? ಬಿಸ್ಕಿಟ್? ಅದು ರೊಟ್ಟಿ ತಿನ್ನೋದ್ರಿ. ಜ್ವಾಳದ ರೊಟ್ಟಿ ಮುರದು ಕುರಿ ಹಾಲಾಗ ನೆನಿ ಹಾಕಬೇಕು. ಆದ್ರ ತೊಂದ್ರಿ ರೊಟ್ಟಿದಲ್ಲ. ಒಂದು ಕೇಳ್ತೀನಿ, ಖರೇ ಹೇಳ್ರಿ. ಬಾಗ್ಲ ಕಡಿ ಮುಖ ಮಾಡಿ ಕುಂದ್ರತೈತಿ ಹೌದಿಲ್ಲ?"

...

"ಹೌದಾ. ನನಗ ಗೊತ್ತಿತ್ತು."

...

"ರೋಗ ಅಲ್ರಿ ಅದು. ಹಂಗ ಬೆಳಸೀವಿ ಅದನ್ನ. ಕುರಿ ಹಟ್ಟಿಗೆ ಬರಲಾರ್ದ ಅದು ಬಾಯಿಗೆ ಏನೂ ಮುಟ್ಸಂಗಿಲ್ಲ. ಎಲ್ಲಾ ಕುರಿ ಬಂದು, ಎಣಿಸಿ, ಬಲಿ ಕಟ್ಟಿ, ಆಮ್ಯಾಲ ನಾನು ಗಂಗಾಳ ಇಡ್ತೀನಿ. ಇಟ್ರೂ ಉಣ್ಣಂಗಿಲ್ಲ. ನನ್ನ ಮುಖ ನೋಡತೈತಿ. ಎಲ್ಲಾ ಬಂದಾವು, ಉಣ್ಣು, ಅಂತ ನಾನು ಅಂದ ಮ್ಯಾಲ ಬಾಯಿ ಇಡತೈತಿ. ಒಂದು ಮರಿ ತಪ್ಪಿಸ್ಕಂಡಿದ್ರೂ ಅಂವ ಉಪಾಸ, ನಾವೂ ಉಪಾಸ. ಹುಡುಕಿ ತಂದ ಮ್ಯಾಲನೇ ಊಟ. ಈಗ ಅಲ್ಲಿ ಕುಂತು ಕಾಯಾಕ ಹತ್ತೈತ್ರಿ. ಕುರಿ ಬರ್ಲಿ ಅಂತ."

...

"ಹೊಸಪ್ಯಾಟ್ಯಾಗ ಹೆಂಗ ಉಣ್ತಿತ್ತು ಅಂತ ಕೇಳ್ತೀರಾ? ತಿಪ್ಪೇಶ ಏನಂದ, ಯಾವ ಹೊತ್ನಾಗ ಉಣ್ತಿತ್ತಂತ?... ನೋಡ್ರಿ ಮತ್ತ. ಹೊತ್ತು ಮುಣುಗೋ ಟೈಮಿಗೆ ಆ ಕಾಲುವಿ ದಂಡಿಗುಂಟ ಮಂದಿ ಕುರಿ ಹೊಡ್ಕಂಡು ಬರ್ತಾರ. ಅವುಗಳ ಧ್ವನಿ ಕೇಳಿ ಬಂದ್ವು ಅಂದ್ಕಂಡು ಉಂಡಿರಬೇಕು. ಮಂದಿ ಕುರಿ ಆದ್ರೂ ಕುರಿ ಕುರಿನೇ. ನಿಮ್ಮಲ್ಲಿ ಏನೈತಿ? ನಾಕನೇ ಮಾಳಿಗಿ ಅಂತೀರಿ, ಮುಚ್ಚಿದ ಕಿಟಕಿ."

...

ಬುಟ್ಟಿಯ ಕೆಳಗೆ ಒಂದು ಮರಿ ಅರಚಿತು. ಯಲ್ಲಕ್ಕ ಬುಟ್ಟಿಯ ಮೇಲೆ ಕೈಯಿಟ್ಟು, ಮಾತನ್ನು ಜೋಡಿಸಿಕೊಂಡಳು.

"ಹಿಂಗ ಮಾಡ್ರಿ. ಕಳಿಸಿಬಿಡ್ರಿ ಅದನ್ನ. ಹೆಂಗ ಒಯ್ದಿರೋ ಹಂಗ. ನಾನು ಯಾರಿಗೂ ಏನೂ ಅನ್ನಂಗಿಲ್ಲ. ನಿಮ್ಮಪ್ಪಾರ ಮುಂದೂ ಒಂದು ಮಾತು ಎತ್ತಂಗಿಲ್ಲ. ಕೊರಳಿಗೆ ಕಟ್ಟಿಗಿನೂ ಕಟ್ಟಂಗಿಲ್ಲ, ಆಣಿ ಮಾಡ್ತೀನಿ."

...

"ಯಾಕ ಬರಂಗಿಲ್ಲ? ಹೋಗಾಕ ಕಾಗದ ಆತು, ಬರಾಕ ಆಗಂಗಿಲ್ಲಾ?"

...

"ದತ್ತು? ಯಾರಿಗೆ?... ಅರಾಮ ಆದ ಮ್ಯಾಲ ಬಂದು ಒಯ್ತಾರಾ?... ಅವರು ಭಾಳ ಚಲೋ ಮಂದಿ ಇರಬಹುದ್ರಿ, ನಾನು ಇಲ್ಲ ಅನ್ನಂಗಿಲ್ಲ. ಅಂಗಳ ಇರಬಹುದು, ಹಾಸಿಗಿ ಇರಬಹುದು. ಆದ್ರ ಯಾರ ಮನಿದನ್ನ ಯಾರು ತಂದು ಯಾರಿಗೆ ದತ್ತು ಕೊಟ್ರಿ? ನನ್ನ ಹೆಬ್ಬೆಟ್ಟು ಐತೇನು ಆ ಕಾಗದದ ಮ್ಯಾಲ?"

...

"ಹೆಸ್ರೂ ಇಟ್ಟಾರಾ? ಏನಂತ?... ಹಂಪಿ? ನಾಯಿಗೆ ಹಂಪಿ ಅಂತ ಹೆಸ್ರಾ?"

...

ಯಲ್ಲಕ್ಕ ನಕ್ಕಳು. ನಗುವಿನಂತೆ ಶುರುವಾದದ್ದು ಕೊನೆಗೆ ಕೆಮ್ಮಾಯಿತು.

"ಇನ್ನೊಂದು ನಾಯಿ ಬ್ಯಾಡ್ರಿ. ತಿಪ್ಪೇಶನ ಶೆಡ್ಡಿನಾಗಿಂದು ಒಂದೂ ಬ್ಯಾಡ. ಯವ್ವಾ, ನಾನು ಒಂದು ಹೇಳ್ತೀನಿ, ನೀವು ಸುಮ್ನ ಕೇಳ್ರಿ. ಶಿವರಾತ್ರಿ ಆದ ಮ್ಯಾಲ ಸಂಡೂರು ಗುಡ್ಡದ ಬುಡಕ್ಕ ಹೋಗಿದ್ವಿ. ಹಾಡಾ ಹಗಲು. ಬುತ್ತಿ ಬಿಚ್ಚಿದ್ವಿ. ಮೂರು ತ್ವಾಳ ಬಂದ್ವು. ಕೆಂಚ ಇದ್ದಾಗ ಅವು ಒಂದು ಮೈಲಿ ದೂರ ನಿಂದ್ರತಿದ್ದವು. ಅವತ್ತು ಕುರಿ ನಡುವೇ ಬಂದ್ವು. ಏಳು ಮರಿ ಒಯ್ದವು. ಏಳೂ ಈ ಸಲ ಮೊದ್ಲು ಹುಟ್ಟಿದವು. ನಮ್ಮೋರು ಕೋಲು ಹಿಡ್ಕಂಡು ಓಡಿ ಕಲ್ಲಿನ ಮ್ಯಾಲ ಬಿದ್ದು ಮೊಣಕಾಲು ಮುರ್ಕಂಡ್ರು. ಈಗ ಕುಂಟತಾರ. ಕುಂಟಿಕ್ಯಂತ ಹಟ್ಟಿ ಸುತ್ತ ತಾವೇ ಬೊಗಳತಾರ. ಖರೇನ ಹೇಳ್ತೀನಿ, ನಗಬ್ಯಾಡ್ರಿ. ನಾಯಿ ಧ್ವನಿ ತಗದು ಬೊಗಳತಾರ ನನ್ನ ಗಂಡ."

...

"ಅಳಬ್ಯಾಡ್ರಿ. ನೀವು ಅತ್ರ ನಾನೇನು ಮಾಡ್ಲಿ? ಮರಿ ಬರ್ತಾವಾ, ಕಾಲು ಬರ್ತೈತಾ?"

...

"ನಾನು ಮಾತಾಡಬೇಕಾ? ಅದರ ಜೊತಿ? ಫೋನಿನಾಗಾ?... ಅಂದ್ರ ಆ ಮಾತು ನಾನು ಅನ್ನಬೇಕು, ಅಂವ ಉಣ್ಣಬೇಕು, ನಿಮ್ಮಲ್ಲೇ ಇರಬೇಕು. ಅಷ್ಟಕ್ಕ ಫೋನ್ ಮಾಡಿದ್ರಿ. ಆಗಲ್ಲರಿ. ನಾನು ಅನ್ನಂಗಿಲ್ಲ. ಅದಕ್ಕ ನಾನು ಒಂದು ದಿನ ಸುಳ್ಳು ಹೇಳಿಲ್ಲ. ಮರಿ ಕಮ್ಮಿ ಇದ್ದಾಗ ಎಲ್ಲಾ ಬಂದಾವು ಅಂತ ಒಮ್ಮೆನೂ ಅಂದಿಲ್ಲ. ಅಂದಿದ್ರ ಅಂವ ನನ್ನ ನಂಬ್ತಿದ್ನಾ?"

...

"ಡಾಕ್ಟರ್ ಏನಂದ್ರು?"

...

"ಎರಡು ದಿನಾ? ಅಷ್ಟನಾ?"

...

ದೂರದಲ್ಲಿ ಧೂಳು ಎದ್ದಿತ್ತು. ಕಾಲುವೆಯ ಏರಿ ಇಳಿದು ಕುರಿಗಳು ಬರುತ್ತಿದ್ದವು. ಹಿಂದೆ ಮೂಕಣ್ಣ ಒಂದು ಕಾಲು ಎಳೆಯುತ್ತ, ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡು ಬರುತ್ತಿದ್ದ. ತಾಯಿಗಳ ದನಿ ಕೇಳಿ ಬುಟ್ಟಿಯ ಕೆಳಗಿನ ಮರಿಗಳೆಲ್ಲ ಒಟ್ಟಿಗೆ ಅರಚತೊಡಗಿದವು. ಹಟ ಹಿಡಿದರೆ ಕೆಂಚ ಸಾಯುತ್ತಾನೆ, ಮಾತು ಕೊಟ್ಟರೆ ಕೆಂಚ ಅವರವನಾಗುತ್ತಾನೆ. ಯಲ್ಲಕ್ಕ ಎರಡನ್ನೂ ತೂಗಿ ನೋಡಲಿಲ್ಲ. ಹಸಿದ ಜೀವದ ಮುಂದೆ ತೂಗುವ ಬುದ್ಧಿ ಅವಳಿಗೆ ಯಾವತ್ತೂ ಇರಲಿಲ್ಲ.

"ಯವ್ವಾ, ಲೈನಿನಾಗ ಅದೀರಾ? ಉಣ್ಣಾಕ ಹಾಕ್ರಿ ಅದಕ್ಕ. ಏನೈತೋ ಅದನ್ನೇ ಹಾಕ್ರಿ, ಸ್ವಲ್ಪ ಹಾಲು ಹನಿಸ್ರಿ. ಕೆಳಗ ಇಡ್ರಿ, ಕೈಯಾಗ ಹಿಡೀಬ್ಯಾಡ್ರಿ. ಫೋನ್ ಅದರ ಕಿವಿ ಹತ್ರ ಇಡ್ರಿ. ನೀವ್ಯಾರೂ ಮಾತಾಡಬ್ಯಾಡ್ರಿ."

...

ಅವಳು ಫೋನನ್ನು ಕುರಿಗಳ ಕಡೆ ಚಾಚಿ ಹಿಡಿದಳು. ನೂರಾರು ಗೊರಸು, ಅರಚಾಟ, ಮೂಕಣ್ಣನ ಹೋ ಹೋ ಎಂಬ ಕೂಗು, ಎಲ್ಲವೂ ಆ ಚಿಕ್ಕ ಫೋನಿನ ತೂತಿನೊಳಗೆ ಹೋಯಿತು. ಅವಳು ಮತ್ತೆ ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಸಣ್ಣ ಕುಂಯ್ ಕುಂಯ್ ಕೇಳಿಸಿತು. ಅದು ಯಾರ ದನಿ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಕೆಂಚ್ಯಾ... ಲೇ ಕೆಂಚ್ಯಾ... ನಾನಲೇ..."

...

"ಕೇಳಿದೇನು? ಬಂದ್ವು ನೋಡು... ಹೊತ್ತು ಮುಣುಗಿತಲೇ... ಎಲ್ಲಾ ಬಂದಾವು... ಉಣ್ಣು."

...

"ಉಣ್ಣಲೇ ನನ್ನಪ್ಪ. ಎಲ್ಲಾ ಬಂದಾವು."

...

ಮೊದಲು ಏನೂ ಇಲ್ಲ. ಆಮೇಲೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ಲಪಲಪ ನಾಲಿಗೆ. ಯಲ್ಲಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂಬತ್ತು ದಿನದ ಹಸಿವು ಎಷ್ಟು ಜೋರಾಗಿ ತಿನ್ನುತ್ತದೆಯೆಂದು ಏಳು ಸಮುದ್ರದಾಚೆಯಿಂದ ಅವಳಿಗೆ ಚೆನ್ನಾಗಿ ಕೇಳಿಸಿತು. ಅವಳ ಕೆನ್ನೆ ಒದ್ದೆಯಾಗಿತ್ತು. ಒಂದು ಗಳಿಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು.

"ಉಂಡಿತಾ? ಸಾವಕಾಶ ತಿನಿಸ್ರಿ, ಒಮ್ಮೆಲೇ ಹಾಕಬ್ಯಾಡ್ರಿ, ಕಕ್ಕತೈತಿ... ಹಾಂ? ಅದೇನ್ರಿ ಸದ್ದು?... ಚಪ್ಪಾಳಿನಾ? ಅಲ್ಲಿ ಎಷ್ಟು ಮಂದಿ ಅದೀರಿ?"

...

"ಏನ್ ಹಿಡ್ಕಂಡ್ರಿ? ನನ್ನ ಧ್ವನಿನಾ? ರೆಕಾರ್ಡಾ?... ದಿನಾ ಹಚ್ಚತೀರಾ? ದಿನಾ ಸಂಜಿಕ?"

...

"ಅಂದ್ರ ಇನ್ನು ಫೋನ್ ಮಾಡೋ ಕೆಲ್ಸ ಇಲ್ಲ ಅಂತೀರಿ."

...

ಮೂಕಣ್ಣ ಹಟ್ಟಿಯ ಬಾಯಿಗೆ ಬಂದು ಕುರಿ ಎಣಿಸತೊಡಗಿದ್ದ. ನೂರ ಹತ್ತು, ನೂರ ಹನ್ನೊಂದು. ಯಾರ ಫೋನು ಎಂದು ಗದ್ದ ಎತ್ತಿ ಕೇಳಿದ. ಯಲ್ಲಕ್ಕ ಅವನ ಕಡೆ ನೋಡಲಿಲ್ಲ.

"ಬ್ಯಾಡ್ರಿ ಯವ್ವಾ. ಅಳಸ್ರಿ ಅದನ್ನ. ಇವತ್ತಿಗೆ ಅಂದೀನಿ, ದಿನಾ ಬ್ಯಾಡ. ಕುರಿ ಇಲ್ದಂಗ, ಹಟ್ಟಿ ಇಲ್ದಂಗ, ದಿನಾ ನನ್ನ ಬಾಯಿಲೇ ಅದಕ್ಕ ಸುಳ್ಳು ಹೇಳಸ್ತೀರಾ? ನಾನು ಸತ್ರೂ ಹೇಳ್ತಿರಬೇಕಾ ನಾನು?... ಹಲೋ? ಕೇಳಾಕ ಹತ್ತೀರಾ? ಫೋನ್ ಇನ್ನೊಮ್ಮಿ ಅದರ ಕಿವಿಗೆ ಇಡ್ರಿ. ಒಂದು ಮಾತು ಐತಿ, ಒಂದೇ ಮಾತು... ಇಟ್ಟೀರಾ?"

...

"ಕೆಂಚ್ಯಾ... ಲೇ... ಬಂದಿಲ್ಲಲೇ... ಏಳು ಮರಿ ಬಂದಿಲ್ಲ... ಕೇಳಿದೇನು, ಏಳು ಬಂದಿಲ್ಲ... ಹಲೋ?... ಶೈಲಜವ್ವಾ?... ಹಲೋ... ಹಲೋ..."